ಗಗನಯಾತ್ರಿಗಳ ಬ್ಯಾಡ್ಜು

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಣ್ಣನಿಗೆ ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಕಾರ್ಖಾನೆ ಪೈಪುಗಳ ವೆಲ್ಡಿಂಗ್ ಒಳಗೆ ಬಿರುಕು ಬಿಟ್ಟಿದೆಯೋ ಎಂದು ವಿಕಿರಣ ಹಾಯಿಸಿ ಫೋಟೊ ತೆಗೆಯುವ ಕೆಲಸ. ಮೊದಲ ದಿನವೇ ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಪ್ಲಾಸ್ಟಿಕ್ ಬ್ಯಾಡ್ಜು ಕೊಟ್ಟರು. "ಆಕಾಶಕ್ಕೆ ಹೋಗೋರೂ ಇಂಥದ್ದನ್ನೇ ಹಾಕ್ಕೊಂಡು ಹೋಗ್ತಾರೆ ಕಣಯ್ಯ, ಕಳೀಬೇಡ" ಎಂದನಂತೆ ಸೂಪರ್‌ವೈಸರು. ಅಷ್ಟು ಹೇಳಿದ ಪುಣ್ಯಾತ್ಮ ಅದು ಯಾತಕ್ಕೆ ಅಂತಲೂ ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ತಿ. ನರಸೀಪುರದ ಹತ್ತಿರದ ನಮ್ಮ ಮನೆಯಲ್ಲಿ ಅವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಷ್ಟು ದೂರ ಓಗೋರು ಕಾಪಿಲ್ದೆ ಒಂಟಾರಾ?" ಎಂದಳು. ಅದು ತಾಯತದಂಥ ರಕ್ಷೆಯೇ ಇರಬೇಕೆಂದು ನಮಗೂ ಅನ್ನಿಸಿತು.

ಅತ್ತಿಗೆ ಆಗ ಬಸುರಿ. ಮೊದಲನೆಯದು ನಿಂತಿರಲಿಲ್ಲ. ಮಠದ ಅಯ್ಯನವರು ಮಂತ್ರಿಸಿ ಕೊಟ್ಟ ತಾಯತವನ್ನು ಅವ್ವ ಅವಳ ಸೊಂಟಕ್ಕೆ ಕಟ್ಟಿದ್ದಳು. ಅಣ್ಣ ಅದರ ಪಕ್ಕದಲ್ಲೇ ಸೀರೆಯ ನೆರಿಗೆಗೆ ಬ್ಯಾಡ್ಜನ್ನೂ ಸಿಕ್ಕಿಸಿದ. "ನಂಗೇನಾಯ್ತದೆ? ನಿಂಗೇ ಇರ್ಲಿ" ಎಂದ. ಆ ಸಂಜೆ ಅವನ ಮೇಲೆ ನನಗೆ ಅಭಿಮಾನ ಉಕ್ಕಿತು.

ಕೆಲಸದಲ್ಲಿ ಯಾರಾದರೂ ಬ್ಯಾಡ್ಜು ಎಲ್ಲಿ ಎಂದು ಕೇಳಿದರೆ "ಒಳಗಿನ ಜೇಬಲ್ಲಿ ಅದೆ ಸಾ" ಎನ್ನುತ್ತಿದ್ದ. ಮೂರು ತಿಂಗಳಿಗೊಮ್ಮೆ ಹಳೆಯದನ್ನು ಕೊಟ್ಟು ಹೊಸದನ್ನು ತಂದು ಅತ್ತಿಗೆಗೇ ಕೊಡುತ್ತಿದ್ದ. ಅವನ ಮೈಗೆ ವಿಕಿರಣ ಏನೂ ತಾಗಿಲ್ಲ ಎಂದು ಪ್ರತಿಸಲವೂ ವರದಿ ಬರುತ್ತಿತ್ತು. ಅವನಿಗೆ ಭಂಡಧೈರ್ಯ ಬಂತು. ಇತರರು ಹಿಂದೆ ಸರಿಯುವಲ್ಲಿ ಇವನು ಮುಂದೆ ನಿಲ್ಲುತ್ತಿದ್ದ.

ಹೆಣ್ಣು ಮಗು ಹುಟ್ಟಿತು, ಗುಂಡುಕಲ್ಲಿನಂತಿತ್ತು. ಅವ್ವ ಬ್ಯಾಡ್ಜನ್ನು ತೊಟ್ಟಿಲಿಗೆ ಕಟ್ಟಿಸಿದಳು.

ಒಂದು ದಿನ ವಿಕಿರಣ ಸೂಸುವ ಲೋಹದ ತುಂಡಿದ್ದ ಸರಿಗೆ, ಫೋಟೊ ತೆಗೆದ ಮೇಲೆ ತನ್ನ ಸೀಸದ ಪೆಟ್ಟಿಗೆಗೆ ಮರಳದೆ ಕೊಳವೆಯಲ್ಲಿ ಸಿಕ್ಕಿಕೊಂಡಿತು. ಅಣ್ಣ ಕೈಯಿಂದಲೇ ಎಳೆದು ಪೆಟ್ಟಿಗೆಗೆ ಸೇರಿಸಿದ. ಬೆರಳುಗಳು ಕೆಂಪಾದವು, ಬೊಬ್ಬೆ ಎದ್ದವು, ಆಮೇಲೆ ಕಪ್ಪಾದವು. ಒಸಡಿನಿಂದ ರಕ್ತ ಬರತೊಡಗಿದ ಮೇಲೆ ಮೈಸೂರಿಗೆ ಕರೆದೊಯ್ದೆವು. ರಕ್ತ ಹುಟ್ಟುವುದೇ ನಿಲ್ಲುತ್ತಿದೆ ಎಂದರು ಡಾಕ್ಟರು. ವರದಿಗಳನ್ನು ನೋಡಿ, "ಇದರ ಪ್ರಕಾರ ನಿಮಗೆ ಏನೂ ತಾಗೇ ಇಲ್ಲವಲ್ಲ?" ಎಂದು ಕೇಳಿದರು.

"ಅದು ಮನೇಲಿತ್ತು ಸಾ. ಮಗೀಗೆ ಕಾಪು ಅಂತ. ಆಕಾಶಕ್ಕೆ ಓಗೋರೂ ಅದ್ನೇ ಆಕ್ಕೋತಾರಂತಲ್ಲ" ಎಂದ ಅಣ್ಣ.

ಡಾಕ್ಟರು ವರದಿಗಳನ್ನು ಮಡಚಿಟ್ಟರು. "ಅದು ಏನನ್ನೂ ತಡೆಯೋದಿಲ್ಲಪ್ಪ. ಮೈಗೆ ಎಷ್ಟು ತಾಗಿತು ಅಂತ ಅಳೆಯುತ್ತೆ, ಅಷ್ಟೆ. ಗಗನಯಾತ್ರಿಗಳಿಗೂ ಅಷ್ಟೆ" ಎಂದರು. ಅಣ್ಣ ಕಪ್ಪಾದ ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಆಮೇಲೆ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. ಅಷ್ಟು ಎತ್ತರದಲ್ಲಿ ಗಗನಯಾತ್ರಿಗಳಿಗೆ ನಮ್ಮ ಹಾಗೆ ಗಾಳಿಯ ಹೊದಿಕೆಯೂ ಇಲ್ಲ. ವಿಕಿರಣ ಮೈಯನ್ನು ಹಾಯ್ದೇ ಹೋಗುತ್ತದೆ. ಅವರ ಜೇಬಿನಲ್ಲಿ ಬ್ಯಾಡ್ಜು ಇರುತ್ತದೆ, ಮಲಗುವ ಕಡೆ ಬೇರೆ ಮಾಪಕಗಳಿರುತ್ತವೆ, ಮರಳಿ ಬಂದ ಮೇಲೆ ರಕ್ತವನ್ನೂ ಪರೀಕ್ಷಿಸುತ್ತಾರೆ. ಅಷ್ಟು ದೂರದವರ ಮೈಗೆ ತಾಗಿದ್ದೆಷ್ಟೆಂದು ಗೊತ್ತಾಗುತ್ತದೆ, ತಾಂಡ್ಯದಿಂದ ಬಸ್ಸು ಹತ್ತಿ ಬರುತ್ತಿದ್ದ ನನ್ನ ಅಣ್ಣನಿಗೆ ತಾಗಿದ್ದೆಷ್ಟೆಂದು ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮಗು ಹೆಜ್ಜೆ ಇಡುವ ಹೊತ್ತಿಗೆ ಅವನು ಹೋದ. ಎಲ್ಲ ತಿಳಿದ ಮೇಲೂ ತೊಟ್ಟಿಲಿನಿಂದ ಆ ಬ್ಯಾಡ್ಜು ಬಿಚ್ಚಲು ನಮಗೆ ಯಾರಿಗೂ ಕೈ ಬಂದಿರಲಿಲ್ಲ.

ತಿಥಿ ಕಳೆದ ಮೇಲೆ ಸೂಪರ್‌ವೈಸರು ಬಂದ. ವರದಿಗಳೆಲ್ಲ ಸರಿಯಾಗಿವೆ, ಈ ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ಹೇಳಿ ಬ್ಯಾಡ್ಜು ವಾಪಸ್ಸು ಕೇಳಿದ. ಅತ್ತಿಗೆ ಅದನ್ನು ಬಿಚ್ಚಿ ಅವನ ಕೈಗಿಟ್ಟಳು.

"ತಕ್ಕೊಂಡೋಗಿ ಅಳೀರಿ ಸಾ" ಎಂದಳು. "ನನ್ನ ಮಗು ಎಷ್ಟು ಸುಖವಾಗಿ ಮಲಗಿತ್ತು ಅಂತ ಗೊತ್ತಾಯ್ತದೆ."