ಲ್ಯಾಮಿನೇಷನ್ ಮಾಡಿಸಿಟ್ಟ ನನ್ನ ತಪ್ಪು

ಮೇಜಿನ ಮೇಲೆ ನನ್ನದೇ ಫೋಟೋ ಇತ್ತು.

ಫೋಟೋದ ಕೆಳಗೆ ನನ್ನದೇ ಅಂಕಣ. ಮೂರು ವರ್ಷದ ಹಿಂದಿನದು. ಪೇಪರಿನಿಂದ ನೀಟಾಗಿ ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದ್ದರು. ಬೇರೆ ಎಲ್ಲಿ ಕಂಡಿದ್ದರೂ ಹಿಗ್ಗಿಬಿಡುತ್ತಿದ್ದೆ (ಬರೆಯುವ ಚಟ ಇರುವವರ ಹಣೆಬರಹವೇ ಅಷ್ಟು). ಆದರೆ ಅದು ಶಿರಸಿಯ ಒಬ್ಬ ಕೌನ್ಸೆಲರ್ ಕೋಣೆ. ನಾನು ಅಲ್ಲಿಗೆ ಹೋದದ್ದು ತಂಗಿಯ ಜೊತೆಗೆ. ಅವಳಿಗೆ ಧೈರ್ಯ ತುಂಬುವುದಕ್ಕೆ ಎಂದುಕೊಂಡಿದ್ದೆ.

"ಇದು ನೀವ ಬರೆದದ್ದೇನ್ರಿ ಅಕ್ಕಾರ?" ಎಂದು ಕೌನ್ಸೆಲರ್ ಕೇಳಿದರು. ಹಾವೇರಿ ಕಡೆಯ ಹೆಣ್ಣುಮಗಳು, ನನ್ನ ಮಗಳ ವಯಸ್ಸು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಹೌದು" ಎಂದೆ.

"ನಿಮ್ಮ ತಂಗ್ಯಾರು ಇದನ್ನ ಸರ್ಟಿಫಿಕೇಟ್ ತೋರಿಸಿದಂಗ ತೋರಿಸ್ಯಾರ್ರಿ. ನನಗೇನೂ ಆಗಿಲ್ಲ, ಬೇಕಾದ್ರ ಓದಿ ನೋಡ್ರಿ ಅಂತ."

ಪಕ್ಕದಲ್ಲಿ ಕೂತಿದ್ದ ತಂಗಿ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ತಂಗಿ ಎಂದರೆ ನನ್ನ ಚಿಕ್ಕಮ್ಮನ ಮಗಳು. ಯಲ್ಲಾಪುರದಲ್ಲಿ ಮನೆ. ಅವಳ ಗಂಡನದು ಅಲ್ಲೇ ಝೆರಾಕ್ಸ್ ಅಂಗಡಿ, ಲ್ಯಾಮಿನೇಷನ್ನೂ ಮಾಡುತ್ತಾನೆ. ಒಬ್ಬಳೇ ಮಗಳು, ಹನ್ನೊಂದು ವರ್ಷ. ಹೆಸರು ಹಾಕುವುದು ಬೇಡ ಎಂದಿದ್ದಾಳೆ, ಹಾಕುವುದಿಲ್ಲ. ಕಳೆದ ಸಲ ಹಾಕಿದ್ದೆ. ಮೊದಲನೆಯ ತಪ್ಪು ಅದೇ ಇರಬೇಕು.

ಹಳೆಯ ಓದುಗರಿಗೆ ನೆನಪಿರಬಹುದು. 'ಮಡಿ ಎಂದರೆ ಇವಳದು' ಎಂದು ಬರೆದಿದ್ದೆ. ಬೆಳಗಿನ ಜಾವ ತಣ್ಣೀರು ಮೀಯುವ ತಂಗಿ. ದೇವರ ಪಾತ್ರೆಯನ್ನು ಏಳು ಸಲ ತೊಳೆಯುವ ತಂಗಿ. ಹೊರಗಿನಿಂದ ಬಂದವರು ಮಿಂದೇ ಒಳಗೆ ಬರಬೇಕೆನ್ನುವ, ಅದಕ್ಕೆ ಹಿಂದೆಮುಂದೆ ನೋಡದ ತಂಗಿ. ಈ ಕಾಲದಲ್ಲೂ ಇಂಥವರು ಇದ್ದಾರಲ್ಲ, ಅದಕ್ಕೇ ಮಳೆ-ಬೆಳೆ ಆಗುತ್ತಿದೆ ಎಂದು ಮುಗಿಸಿದ್ದೆ. ಎಷ್ಟು ಫೋನು! ಸಿದ್ದಾಪುರದಿಂದ ಒಬ್ಬರು ಹಿರಿಯರು, "ಸೊಸೆ ಅಂದ್ರೆ ಇಂಥವಳು ಸಿಗಬೇಕು ತಾಯಿ" ಎಂದು ಗದ್ಗದರಾಗಿದ್ದರು. ನಾನೂ ದೇವರ ಮುಂದೆ ಎರಡು ಕಾಯಿ ಒಡೆದಿದ್ದೆ.

ಅವಳ ಬೆರಳ ಸಂದಿ ಒಡೆದು ರಕ್ತ ಬರುತ್ತಿದ್ದುದನ್ನು ಆಗಲೇ ನೋಡಿದ್ದೆ. 'ಕೆಲಸ ಮಾಡುವ ಕೈ' ಎಂದು ಅದನ್ನೂ ಬರೆದಿದ್ದೆ.

ಈಗ ಯೋಚಿಸಿದರೆ ಎಲ್ಲವೂ ಕಣ್ಣೆದುರಿಗೇ ಇತ್ತು. ಕರೋನಾ ಕಾಲದಲ್ಲಿ ಅವಳ ಮಾವ ತೀರಿಕೊಂಡರು. ಆವತ್ತಿನಿಂದ ಶುರುವಾದದ್ದು. ಆಗ ಊರಿಗೇ ಕೈ ತೊಳೆಯುವ ಕೆಲಸ, ಯಾರಿಗೂ ಗೊತ್ತಾಗಲಿಲ್ಲ. ಉಳಿದವರೆಲ್ಲ ನಿಲ್ಲಿಸಿದ ಮೇಲೂ ಅವಳು ನಿಲ್ಲಿಸಲಿಲ್ಲ. ಹಾಲಿನ ಪ್ಯಾಕೆಟ್ಟು ತೊಳೆದಳು. ಬಾಗಿಲ ಚಿಲಕ ತೊಳೆದಳು. ಗಂಡ ಅಂಗಡಿಯಿಂದ ತಂದ ನೋಟುಗಳನ್ನು ಒರೆಸಿದಳು. ಆಮೇಲೆ ಯಾವಾಗಲೋ ಸೋಪಿನ ಹೆಸರು ಹೋಗಿ ಮಡಿಯ ಹೆಸರು ಬಂತು. ಮಡಿ ಎಂದ ಮೇಲೆ ನಮ್ಮಲ್ಲಿ ಯಾರು ಬೇಡ ಎನ್ನುತ್ತಾರೆ? ಮಡಿ ಎಂದರೆ ಮುಗಿಯಿತು. ಕೈ ಮುಗಿದು ದೂರ ನಿಲ್ಲುವುದು.

ಕೊನೆಗೆ ಬೇಡ ಎಂದದ್ದು ಮಗಳು. ಈ ವರ್ಷ ಶಾಲೆ ಶುರುವಾಗುವಾಗ, ವಜ್ರಳ್ಳಿಯಲ್ಲಿರುವ ದೊಡ್ಡಪ್ಪನ ಮನೆಯಿಂದಲೇ ಶಾಲೆಗೆ ಹೋಗುತ್ತೇನೆ ಎಂದು ಹಟ ಹಿಡಿದು ಹೋಗಿಬಿಟ್ಟಳು. ಎಂತಕ್ಕೆ ಎಂದು ಕೇಳಿದರೆ ಹೇಳಲಿಲ್ಲ. ಒಂದು ದಿನ ಅಜ್ಜಿಯ ಹತ್ತಿರ ಹೇಳಿದಳಂತೆ, "ಯನ್ನ ಮುಟ್ಟಿದ್ರೆ ಆಯಿ ಮತ್ತೆ ಮೀಯ್ತು."

ಆಯಿ ಎಂದರೆ ಅಮ್ಮ. ತನ್ನನ್ನು ಮುಟ್ಟಿದ ಮೇಲೆ ಅಮ್ಮ ಸ್ನಾನ ಮಾಡುತ್ತಾಳೆ! ಹನ್ನೊಂದು ವರ್ಷದ ಮಗುವಿಗೆ ಇದರ ಅರ್ಥ ಏನೆಂದು ಆಗಿರಬೇಡ?

ತಂಗಿಯ ಗಂಡ ನಿಧಾನದ ಮನುಷ್ಯ. ಆವತ್ತು ಮಾತ್ರ ಗಟ್ಟಿಯಾಗಿ ಹೇಳಿದ. "ಮೊದ್ಲು ನಿನ್ನ ಕೈ ಗುಣ ಆಗ್ಲಿ. ಕೂಸು ಮನೆಗೆ ಬಪ್ಪದು ಆಮೇಲೆ." ಹಾಗಾಗಿ ಅವಳು ಶಿರಸಿಗೆ ಬರಲು ಒಪ್ಪಿದ್ದು. ರೋಗ ಇದೆ ಎಂದು ಒಪ್ಪಿದ್ದಲ್ಲ, ಮಗಳು ಬೇಕು ಎಂದು ಒಪ್ಪಿದ್ದು.

ಗುರುವಾರ ಗುರುವಾರ ಬಸ್ಸು ಹತ್ತಿ ಬರುತ್ತಾಳೆ. ಸೀಟಿನ ಮೇಲೆ ಹಾಸಲು ಒಂದು ಬಟ್ಟೆ, ಆ ಬಟ್ಟೆ ಹಾಕಲು ಒಂದು ಚೀಲ, ಆ ಚೀಲ ಮುಟ್ಟಿದ ಕೈಗೆ ಒಂದು ಬಾಟಲಿ ನೀರು. ಶಿರಸಿಯ ನಮ್ಮ ಮನೆ ತಲುಪಿದ ಮೇಲೆ ಸ್ನಾನ. ಆಮೇಲೆ ಕೌನ್ಸೆಲಿಂಗು.

ಕೌನ್ಸೆಲಿಂಗ್ ಎಂದರೆ ಬುದ್ಧಿ ಹೇಳುವುದು ಎಂದು ನಾನು ತಿಳಿದಿದ್ದೆ. ಬುದ್ಧಿ ಹೇಳಲು ನಾವಿಷ್ಟು ಜನ ಇಲ್ಲವೇ? ಆದರೆ ಆ ಹೆಣ್ಣುಮಗಳು ಒಂದು ವಾರವೂ ಬುದ್ಧಿ ಹೇಳಲಿಲ್ಲ. ಮೊದಲು ಉಸಿರಿನಿಂದ ಶುರು ಮಾಡಿದರು. "ಮೇಣಬತ್ತಿ ಊದಿ ಆರಸ್ತೀರಲ್ರಿ, ಹಂಗ ನಿಧಾನಕ್ಕ ಬಿಡ್ರಿ" ಎಂದರು. ತಂಗಿಯ ಮುಖ ಕಪ್ಪಿಟ್ಟಿತು. "ದೀಪನ ಬಾಯಲ್ಲಿ ಊದಲಾಗ" ಎಂದಳು. ಮುಗಿಯಿತು, ಊದಿದ ಬಾಯಿಯನ್ನೂ ತೊಳೆಯಬೇಕಲ್ಲ! ಕೌನ್ಸೆಲರ್ ಒಂದು ಕ್ಷಣ ನನ್ನನ್ನು ನೋಡಿದರು. ನಾನು, ಒಲೆಗೆ ಊದುಗೊಳವೆ ಊದಬಹುದು ಎಂದೆ. "ಹಂಗಾರ ಊದುಗೊಳವಿ ಊದ್ರಿ" ಎಂದರು. ಆ ಕೋಣೆಯಲ್ಲಿ ನಾವು ಮೂವರೂ ನಕ್ಕದ್ದು ಅದೊಂದೇ ಸಲ. ಅದನ್ನೂ ಎಣಿಸಿಟ್ಟಿದ್ದೇನೆ. ಸಂಜೆ ದೀಪ ಹಚ್ಚುವಾಗ ದೇವರು ಆವತ್ತು ಕೊಟ್ಟದ್ದನ್ನು ಎಣಿಸುವುದು ನನ್ನ ರೂಢಿ.

ಆಮೇಲೆ ಹಾಳೆ ಕೊಟ್ಟರು. ತೊಳೆಯಬೇಕು ಅನ್ನಿಸಿದಾಗ ತಲೆಯಲ್ಲಿ ಬಂದದ್ದೇನು, ಹೆದರಿಕೆ ಹತ್ತಕ್ಕೆ ಎಷ್ಟು, ಬರೆಯಿರಿ ಎಂದರು. ಅದರ ಜೊತೆಗೇ, ತೊಳೆಯದೆ ಕಾಯುವುದು. ಮೊದಲು ಎರಡು ನಿಮಿಷ. ನಂತರ ಐದು. ಹುಬ್ಬಳ್ಳಿಯ ಡಾಕ್ಟರರಿಗೂ ಚೀಟಿ ಬರೆದರು, ಮಾತ್ರೆಯೂ ಶುರುವಾಯಿತು.

ನನಗೆ ತಡೆಯಲಿಲ್ಲ. "ಒಂದು ಪದ್ಧತಿ ಹಿಡಿದು ಮಾಡಬಾರದೇ? ಇಷ್ಟೆಲ್ಲ ಒಟ್ಟಿಗೆ ಯಾಕೆ?" ಎಂದು ಕೇಳಿಯೇಬಿಟ್ಟೆ.

"ಒತ್ತಡ ಒಂದ ಕಡೆ ಕುಂತಿಲ್ರಿ ಅಕ್ಕಾರ. ಕೈಯಾಗ ಐತಿ, ಅದಕ್ಕ ಕಾಯೋದು ಕಲಸ್ತೀನಿ. ತಲ್ಯಾಗ ಐತಿ, ಅದಕ್ಕ ಹಾಳಿ ಕೊಟ್ಟೀನಿ. ಎದ್ಯಾಗಿಂದು ಇನ್ನೂ ಹೊರಗ ಬಂದಿಲ್ಲ, ಮಾತಾಡಬೇಕು." ಲ್ಯಾಮಿನೇಷನ್ ಕಾಗದದ ಮೇಲೆ ಬೆರಳಿಟ್ಟರು. "ಮನಿ ಮಂದ್ಯಾಗೂ ಐತಿ. ಅದಕ್ಕ ನಿಮ್ಮನ್ನ ಒಳಗ ಕರದೆ."

ಎದೆಯೊಳಗಿನದು ಹೊರಗೆ ಬಂದದ್ದು ನಾಲ್ಕನೆಯ ವಾರ. ಆವತ್ತು ಅವಳ ಗಂಡನನ್ನೂ ಕರೆಸಿದ್ದರು. ತಂಗಿ ಗೋಡೆ ನೋಡುತ್ತ ಹೇಳಿದಳು.

"ಆನು ಸಂತೆಗೆ ಹೋಗಿ ಬಂದ ಮೂರನೇ ದಿನ ಮಾವಂಗೆ ಜ್ವರ ಬಂತು. ಆವತ್ತು ಸರೀ ಕೈ ತೊಳದ್ನಿಲ್ಲೆ. ಹಾಂಗೇ ಚಾ ಮಾಡಿ ಕೊಟ್ಟಿ."

"ನಿನ್ನಿಂದ ಆತು ಹೇಳಿ ಯಾರಾದ್ರೂ ಹೇಳಿದ್ವಾ?" ಎಂದೆ ನಾನು.

"ಇಲ್ಲೆ." ಮತ್ತೆ ಅವಳೇ, "ನಿನ್ನಿಂದ ಅಲ್ಲ ಹೇಳಿಯೂ ಯಾರೂ ಹೇಳಿದ್ವಿಲ್ಲೆ" ಎಂದಳು.

ಅವಳ ಗಂಡ ಕುರ್ಚಿಯ ತುದಿಗೆ ಬಂದ. "ಆಗ ಅಂಗಡಿಗೆ ದಿನಾ ಎಷ್ಟು ಜನ ಬತ್ತಿದ್ದ! ಅರ್ಜಿ, ಪಾಸು ಹೇಳಿ. ಎಲ್ಲ ಕಾಗದ ಮುಟ್ಟಿದ್ದು ಆನು. ಅಪ್ಪಯ್ಯಂಗೆ ಆನೇ ತಂದಿಕ್ಕು. ಯಂಗೂ ದಿನಾ ಅದೇ ತಲೇಲಿ."

"ಇಷ್ಟು ವರ್ಷ ಎಂತಕ್ಕೆ ಹೇಳಿದ್ರಿಲ್ಲೆ?" ತಂಗಿ ಗಂಡನ ಕಡೆ ತಿರುಗಿದಳು.

"ನೀ ಕೇಳಿದ್ದಿಲ್ಲೆ."

ಒಂದೇ ಮನೆ. ಒಂದೇ ಸಾವು. ಇಬ್ಬರೂ ತಾವೇ ಕೊಂದೆವು ಎಂದುಕೊಂಡು ಒಂದೇ ಪಾತ್ರೆಯ ಅನ್ನ ಉಣ್ಣುತ್ತಿದ್ದರು. ಒಬ್ಬಳು ತೊಳೆದಳು, ಒಬ್ಬ ಸುಮ್ಮನಾದ. ನಾನು ಆ ಮನೆಗೆ ಹೋಗಿ, ಕಾಪಿ ಕುಡಿದು, ಚಂದದ ಒಂದು ಲೇಖನ ಬರೆದುಕೊಂಡು ಬಂದೆ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

ಕೌನ್ಸೆಲರ್ ದೇವರ ವಿಷಯಕ್ಕೆ ಕೈ ಹಾಕಲಿಲ್ಲ. "ಅದು ನಂದಲ್ರಿ. ಎಷ್ಟು ಮಾಡಿದ್ರ ಸಾಕು ಅಂತ ನಿಮ್ಮ ಹಿರೇರನ್ನ ಕೇಳಿ ಬರ್ರಿ" ಎಂದರು. ಕುಟುಂಬದ ಪುರೋಹಿತ ಭಟ್ಟರ ಹತ್ತಿರ ಕರೆದುಕೊಂಡು ಹೋದೆ. ಎಂಬತ್ತು ದಾಟಿದವರು. ಎಲ್ಲ ಕೇಳಿಸಿಕೊಂಡು, "ತಂಗೀ, ಆಚಮನ ಮೂರು. ನಾಲ್ಕನೇದು ಶಾಸ್ತ್ರದಲ್ಲಿ ಇಲ್ಲೆ, ನಿನ್ನ ಹೆದರಿಕೇಲಿ ಇದ್ದು. ಒಂದು ಸಲ ಮಿಂದದ್ದು ಸಾಕು. ಕೂಸಿನ ಮುಟ್ಟಿದ್ರೆ ಎಂತ ಮೈಲಿಗೆಯೂ ಇಲ್ಲೆ" ಎಂದರು. ತಂಗಿ ಅವರ ಕಾಲಿಗೆ ಬಿದ್ದು ಅತ್ತಳು. ನನ್ನ ಎದೆ ಹಗುರಾಯಿತು.

ಮರುದಿನ ಬೆಳಿಗ್ಗೆ ಭಟ್ಟರಿಗೆ ಅವಳ ಫೋನು. ಸೊಪ್ಪು ತೊಳೆದ ನೀರು ಕಾಲಿಗೆ ಸಿಡಿಯಿತು, ಅಡ್ಡಿಲ್ಲವಾ? ಭಟ್ಟರು ಅಡ್ಡಿಲ್ಲೆ ಎಂದರು. ಹತ್ತು ನಿಮಿಷಕ್ಕೆ ಮತ್ತೊಂದು. ಗ್ಯಾಸಿನವನು ಹೊಸಿಲು ತುಳಿದ, ಅಡ್ಡಿಲ್ಲವಾ? ವಾರ ಮುಗಿಯುವಷ್ಟರಲ್ಲಿ ಭಟ್ಟರ ಮಗ ನನಗೆ ಫೋನ್ ಮಾಡಿದ. "ಅಕ್ಕಯ್ಯಾ, ಅಪ್ಪಯ್ಯಂಗೆ ಊಟ ಮಾಡಲೂ ಬಿಡ್ತಿಲ್ಲೆ." ಅವಳು ನನಗೂ ಅಷ್ಟೇ ಸಲ ಮಾಡಿದ್ದಳು. ನಾನೂ ಪ್ರತಿ ಸಲ ಅಡ್ಡಿಲ್ಲೆ, ಅಡ್ಡಿಲ್ಲೆ ಎಂದಿದ್ದೆ. ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡು.

"ಅದೂ ತೊಳೆಯೋದ ರೀ" ಎಂದರು ಕೌನ್ಸೆಲರ್. "ನೀರು ಬಿಟ್ಟು ನಿಮ್ಮ ಮಾತಿಲೆ ತೊಳಕೊಳ್ಳಾಕತ್ತಾರ. ಇನ್ನ ಮ್ಯಾಲೆ ಉತ್ತರ ಕೊಡಬ್ಯಾಡ್ರಿ."

ಹೊಸ ನಿಯಮ ಬಂತು. ಭಟ್ಟರಿಗೆ ವಾರಕ್ಕೆ ಒಂದು ಫೋನು, ಒಂದು ಪ್ರಶ್ನೆ. ನನಗೆ ಫೋನ್ ಬಂದರೆ "ಗೊತ್ತಿಲ್ಲೆ" ಎಂದಷ್ಟೇ ಹೇಳಬೇಕು. ಅಡ್ಡಿಲ್ಲೆ ಎನ್ನಬಾರದು. ತಂಗಿ ಆ ಕಡೆಯಿಂದ, "ಅಕ್ಕಾ, ಒಂದೇ ಸಲ ಹೇಳು, ಒಂದೇ ಸಲ" ಎಂದು ಅಳುತ್ತಿರುವಾಗ ಗೊತ್ತಿಲ್ಲೆ ಎನ್ನುವುದು ಎಷ್ಟು ಕಷ್ಟ ಗೊತ್ತೇ? ದೇವರ ಕೋಣೆಯಲ್ಲಿ ಕೂತು ನಾನೂ ಊದುಗೊಳವೆ ಊದಿದ್ದೇನೆ.

ಹೋದ ಶನಿವಾರ ದೊಡ್ಡ ಪರೀಕ್ಷೆ. ಮಗಳು ಅರ್ಧ ದಿನದ ಶಾಲೆ ಮುಗಿಸಿ ವಜ್ರಳ್ಳಿಯಿಂದ ಸೀದಾ ಯಲ್ಲಾಪುರದ ಮನೆಗೆ ಬರಬೇಕು. ಯೂನಿಫಾರ್ಮಿನಲ್ಲೇ, ಸ್ನಾನ ಇಲ್ಲದೆ. ತಂಗಿ ಅವಳ ಜಡೆ ಬಿಚ್ಚಿ, ಬಾಚಿ, ಹೆಣೆದು ಕಟ್ಟಬೇಕು. ಆಮೇಲೆ ಅರ್ಧ ಗಂಟೆ ಕೈ ತೊಳೆಯಬಾರದು. ಅಷ್ಟಾದರೆ ಮುಂದಿನ ತಿಂಗಳಿನಿಂದ ಕೂಸು ಶನಿವಾರ, ಭಾನುವಾರ ಮನೆಯಲ್ಲಿ ಉಳಿಯುವುದು. ಹಾಗೆಂದು ಅಪ್ಪ, ಮಗಳು, ಕೌನ್ಸೆಲರ್ ಎಲ್ಲ ಸೇರಿ ಗೊತ್ತು ಮಾಡಿದ್ದರು. ಗಡಿಯಾರ ನೋಡುವ ಕೆಲಸ ನನ್ನದು. ಬೆಳಗಿನ ಬಸ್ಸಿಗೇ ಹೋದೆ. (ಕಿಟಕಿ ಪಕ್ಕ ಸೀಟು ಸಿಕ್ಕಿತು. ಅದನ್ನೂ ಎಣಿಸಿದೆ.)

ಹುಡುಗಿ ಒಳಗೆ ಬಂದಳು. ಚೀಲವನ್ನು ಎದೆಗೆ ಅವುಚಿಕೊಂಡು, ಗೋಡೆಗೆ ತಾಗದಂತೆ, ಬಾಗಿಲಿಗೆ ತಾಗದಂತೆ. ಯಾರೂ ಹೇಳಿಕೊಟ್ಟದ್ದಲ್ಲ, ಮೈಗೆ ಬಂದುಬಿಟ್ಟಿದೆ. ಅಮ್ಮನ ಮುಂದೆ ಕೂತಳು. ತಂಗಿ ಜಡೆ ಬಿಚ್ಚಿ ಬಾಚಿದಳು. ಬೈತಲೆ ಸೊಟ್ಟಗಾಯಿತು. ಹುಡುಗಿ ಕಣ್ಣು ಮುಚ್ಚಿಕೊಂಡಿದ್ದಳು. ಎಷ್ಟು ತಿಂಗಳ ಮೇಲೆ ತಲೆಗೆ ಆಯಿಯ ಕೈ ಬಿದ್ದದ್ದೋ.

ಜಡೆ ಮುಗಿಯಿತು. ನಾನು ಗಡಿಯಾರ ನೋಡತೊಡಗಿದೆ. ಐದು ನಿಮಿಷ. ತಂಗಿ ಶಾಲೆಯ ಸುದ್ದಿ ಕೇಳಿದಳು. ಹತ್ತು. ಉಸಿರು ಉದ್ದಕ್ಕೆ ಬಿಡತೊಡಗಿದಳು. ಹದಿನೈದು. ಕೈ ಎರಡನ್ನೂ ಮೊಣಕಾಲ ಮೇಲೆ ಮಲಗಿಸಿ, ಅವು ತನ್ನವೇ ಅಲ್ಲವೆಂಬಂತೆ ನೋಡುತ್ತ ಕೂತಳು. ಹಣೆಯಲ್ಲಿ ಬೆವರು. ಇಪ್ಪತ್ತು. "ಅಕ್ಕಾ, ಎಂತ ಆಗ್ತಿಲ್ಲೆ ಅಲ್ದಾ?" ಎಂದಳು. ನಾನು "ಗೊತ್ತಿಲ್ಲೆ" ಎಂದೆ.

ಇಪ್ಪತ್ತೆರಡನೆಯ ನಿಮಿಷಕ್ಕೆ ಎದ್ದು ಬಚ್ಚಲಿಗೆ ಓಡಿದಳು.

ನಲ್ಲಿಯ ಸದ್ದು ಕೇಳಿತು. ತುಂಬ ಹೊತ್ತು ಕೇಳಿತು. ಅವಳ ಗಂಡ ಅಂಗಳಕ್ಕೆ ಹೋಗಿ ನಿಂತ. ಹುಡುಗಿ ಕೂತಲ್ಲೇ ಕೂತು ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ದೊಡ್ಡಾಯಿ, ಎಷ್ಟು ನಿಮಿಷ ಆತು?" ಎಂದು ನನ್ನನ್ನು ಕೇಳಿದಳು.

"ಇಪ್ಪತ್ತೆರಡು."

"ಮೊದ್ಲು ಆಯಿ ಜಡೆ ಮುಗಿಯೂ ಮುಂಚೇ ಓಡ್ತಿತ್ತು" ಎಂದಳು. ಸಮಾಧಾನ ಮಾಡಿದ್ದು ಯಾರು ಯಾರಿಗೆ?

ನಾಲ್ಕು ಗಂಟೆ ಬಸ್ಸಿಗೆ ಅವಳು ವಜ್ರಳ್ಳಿಗೆ ಹೋದಳು. ಸೊಟ್ಟ ಬೈತಲೆಯಲ್ಲೇ. ಸರಿ ಮಾಡುತ್ತೇನೆ ಬಾ ಎಂದರೆ ಬಿಡಲಿಲ್ಲ.

ಕೌನ್ಸೆಲರಿಗೆ ಫೋನ್ ಮಾಡಿ ಹೇಳಿದೆ. "ಇಪ್ಪತ್ತೆರಡಂದ್ರ ಇಪ್ಪತ್ತೆರಡ್ರಿ. ಮುಂದಿನ ಸಲ ನೋಡೂಣು" ಎಂದರು. ಯಾವ ಭರವಸೆಯೂ ಕೊಡಲಿಲ್ಲ. ದೇವರಾದರೂ ಕೊಟ್ಟಾನೆಂದು ನಾನು ದೀಪದ ಮುಂದೆ ಕೂತೆ. ಎಣಿಸಿದೆ. ಬೆರಳ ಸಂದಿಯ ಗಾಯ ಸ್ವಲ್ಪ ಮುಚ್ಚಿದೆ. ಗಂಡ ಬಾಯಿ ಬಿಟ್ಟಿದ್ದಾನೆ. ಇಪ್ಪತ್ತೆರಡು ನಿಮಿಷ. ಅಲ್ಲಿಗೆ ನಿಂತಿತು.

ಆವತ್ತು ನಾನು ಹೊರಡುವಾಗ ತಂಗಿ ಬಾಗಿಲಿಗೆ ಬಂದಿದ್ದಳು, ಒದ್ದೆ ಕೈಯಲ್ಲಿ. "ಇದನ್ನೂ ಬರೆತ್ಯಾ ಅಕ್ಕಾ?" ಎಂದು ಕೇಳಿದಳು. ನಾನು ಚಪ್ಪಲಿ ಮೆಟ್ಟಿಕೊಂಡೆ. "ಬರಿ. ಈ ಸಲ ಹೊಗಳಡ" ಎಂದಳು.

ಹೊಗಳಿಲ್ಲ. ಆದರೆ ಅರ್ಧ ಗಂಟೆಗೆ ಕಡಿಮೆ ಬಿದ್ದ ಆ ಎಂಟು ನಿಮಿಷದಲ್ಲಿ ನನ್ನ ಪಾಲೆಷ್ಟು, ಅಂದು ಓದಿ ಮೆಚ್ಚಿ ಫೋನ್ ಮಾಡಿದ ನಿಮ್ಮ ಪಾಲೆಷ್ಟು?