ಆಯಿ ಹೊಲಿದ ಪಟ್ಟಾ

ಅಗಸೆ ಎಣ್ಣೆಯ ವಾಸನೆ ಬಂದರೆ ಬಹಳ ಜನಕ್ಕೆ ಬಾಗಿಲಿಗೆ ಹಚ್ಚುವ ಬಣ್ಣ ನೆನಪಾದೀತು, ಇಲ್ಲವೆ ರೊಟ್ಟಿಗೆ ಹಚ್ಚಿಕೊಳ್ಳುವ ಅಗಸಿ ಹಿಂಡಿ ನೆನಪಾಗಿ ಬಾಯಲ್ಲಿ ನೀರೂರೀತು. ನನಗೆ ಮಾತ್ರ ಎದೆ ಡಬಡಬ ಹೊಡೆದುಕೊಳ್ಳುತ್ತದೆ. ಮೊನ್ನೆ ನಿಪ್ಪಾಣಿಯ ಬಣ್ಣದ ಅಂಗಡಿಯಲ್ಲಿ ಯಾರೋ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದರು. ನಾನು ಕೊಳ್ಳಲು ಬಂದದ್ದನ್ನೇ ಮರೆತು ಮೂಗರಳಿಸಿಕೊಂಡು ನಿಂತುಬಿಟ್ಟೆ. "ಏನ್ ಬೇಕ್ರೀ ಅಕ್ಕಾರ?" ಎಂದು ಅಂಗಡಿಯವ ಕೇಳುತ್ತಲೇ ಇದ್ದ. ಏನಂತ ಹೇಳಲಿ? ಸದಲಗಾದ ನಮ್ಮ ಹಳೇ ಮನೆ ಬೇಕು, ದನ ಕಟ್ಟುವ ಜಾಗದಲ್ಲಿ ಗಡಗಡ ತಿರುಗುತ್ತಿದ್ದ ಲೇಥ್ ಬೇಕು, ಅದರ ಮುಂದೆ ಕೂತ ಆಯಿ ಬೇಕು ಎಂದರೆ ಅವನು ಯಾವ ಕಪಾಟಿನಿಂದ ತೆಗೆದುಕೊಟ್ಟಾನು. ಕಾಲು ಲೀಟರ್ ಎಣ್ಣೆ ಕಟ್ಟಿಸಿಕೊಂಡು ಸುಮ್ಮನೆ ಬಂದೆ.

ಆಯಿ ಎಂದರೆ ನನ್ನ ಅಪ್ಪನ ತಾಯಿ. ಅಪ್ಪನ ತಮ್ಮ ಭರಮು ಕಾಕಾ ಕೊಲ್ಲಾಪುರದ ಕಾರ್ಖಾನೆಯೊಂದರಲ್ಲಿ ದುಡಿಯಲು ಹೋದವನು ಹಬ್ಬಕ್ಕಷ್ಟೇ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ಆಯಿ ಅವನ ಪಕ್ಕೆಲುಬು ಮುಟ್ಟಿ ನೋಡಿ ಅಳುತ್ತಿದ್ದಳು. ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಕಾಕಾ ಕೆಲಸ ಬಿಟ್ಟು ಬಂದ, ಟ್ರ್ಯಾಕ್ಟರಿನ ಹಿಂದೆ ತುಕ್ಕು ಹಿಡಿದ ಒಂದು ಲೇಥ್ ಹೇರಿಕೊಂಡು. "ಅವ್ವಾ, ಇನ್ನ ನಾ ಎಲ್ಲೂ ಹೋಗಂಗಿಲ್ಲ. ಮನ್ಯಾಗ ಇದ್ದ ದುಡಿತೀನಿ" ಎಂದ. ಆಯಿಗೆ ಅದೆಂಥ ಖುಷಿ ಅಂತೀರಿ! ಇದ್ದೆರಡು ಆಕಳನ್ನು ಹಿತ್ತಲಿನ ಛಪ್ಪರಕ್ಕೆ ಸಾಗಿಸಿ, ತಲಬಾಗಿಲ ಒಳಗಿನ ದನದ ಜಾಗವನ್ನು ತಾನೇ ಸಾರಿಸಿ, ಕಬ್ಬಿಣ ಕಡೆಯುವ ಆ ಯಂತ್ರಕ್ಕೆ ಅರಿಷಿಣ ಕುಂಕುಮ ಹಚ್ಚಿ ಒಳಗೆ ಕರೆದುಕೊಂಡಳು, ಹೊಸ ಸೊಸೆಯನ್ನು ಕರೆದುಕೊಂಡ ಹಾಗೆ.

ಆ ರಜೆಯಷ್ಟು ಸಂಭ್ರಮದ ರಜೆ ನನಗೆ ಮತ್ತೆ ಬರಲಿಲ್ಲ. ಕಾಕಾ ಲೇಥನ್ನು ಬಿಚ್ಚಿ ಪಡಸಾಲೆಯ ತುಂಬ ಹರವಿದ. ಒಂದೊಂದು ಹಲ್ಲುಗಾಲಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಚಿಂದಿಯಿಂದ ಒರೆಸುವುದು ನನ್ನ ಪಾಲಿಗೆ ಬಂತು. ಕಡೆಯುವ ಟೂಲ್ ಹಿಂದೆ ಮುಂದೆ ಜಾರುವ ಉದ್ದನೆಯ ಕಬ್ಬಿಣದ ಹಾಸು ನಡುವೆ ಸವೆದು ಹೋಗಿತ್ತು. ಕಾಕಾ ಏನು ಮಾಡಿದ ಗೊತ್ತೆ? ಧೋತರಕ್ಕೆ ಹಾಕುವ ನೀಲಿಯನ್ನೇ ಎಣ್ಣೆಯಲ್ಲಿ ಕಲಸಿ ಸಪಾಟಾದ ಪಟ್ಟಿಯೊಂದಕ್ಕೆ ಬಳಿದು, ಅದನ್ನು ಹಾಸಿನ ಮೇಲೆ ಉಜ್ಜುತ್ತಿದ್ದ. ಎಲ್ಲಿ ನೀಲಿ ಹತ್ತಿತೋ ಅಲ್ಲಿ ಉಬ್ಬು ಎಂದರ್ಥ; ಅಲ್ಲಿ ಒಂಚೂರು ಕೆರೆಯುವುದು, ಮತ್ತೆ ಉಜ್ಜುವುದು, ಮತ್ತೆ ಕೆರೆಯುವುದು. ಹಾಸಿನ ತುಂಬ ಒಂದೇ ಸಮ ನೀಲಿ ಚುಕ್ಕೆ ಬೀಳುವ ಹೊತ್ತಿಗೆ ನಮ್ಮೆಲ್ಲರ ಮೂಗು, ಗಲ್ಲ, ರೊಟ್ಟಿ ಬುಟ್ಟಿ ಕೂಡ ನೀಲಿಯಾಗಿದ್ದವು. ಅಪ್ಪ ಬೈದರೆ ಆಯಿಯೇ ಕಾಕಾನ ಪರ ವಹಿಸುತ್ತಿದ್ದಳು.

ಲೇಥ್ ಎದ್ದು ನಿಂತಿತು. ಮೂಲೆಯಲ್ಲಿ ಕೂರಿಸಿದ್ದ ಎಂಜಿನ್ನಿನಿಂದ ಅದರ ಗಾಲಿಗೆ ಅಗಲವಾದ ಕಂದು ಪಟ್ಟಾ, ಅಂದರೆ ಬೆಲ್ಟು, ಹಾಕಿ ಕಾಕಾ ಚಾಲೂ ಮಾಡಿದಾಗ ಓಣಿಯೇ ನಮ್ಮ ಬಾಗಿಲಲ್ಲಿ ನೆರೆದಿತ್ತು. ಬೆಲ್ಲದ ಗಾಣದವರೊಬ್ಬರು ಅಲ್ಲೇ ನಿಂತು, ಸುಗ್ಗಿಗೆ ಮುಂಚೆ ತಮ್ಮ ಗಾಣದ ಉರುಳುಗಳಿಗೆ ಹೊಸ ಕಬ್ಬಿಣದ ದಿಂಡು ಕಡೆದುಕೊಡಬೇಕೆಂದು ಮಾತು ಹಾಕಿದರು. ಬಸದಿಗೆ ಹೋಗಿದ್ದ ಆಯಿ ತಡವಾಗಿ ಬಂದಳು. ಎಂಜಿನ್ ನಿಂತ ಮೇಲೆ ಪಟ್ಟಾದ ಮೇಲೆ ಕೈಯಾಡಿಸಿ, "ಎಷ್ಟ ಮೆತ್ತಗೈತೋ ಭರಮು, ಯಾತರದಿದು?" ಎಂದಳು.

ಕಾಕಾ ಕಾರ್ಖಾನೆಯಲ್ಲಿ ಅಷ್ಟು ವರ್ಷ ಅದನ್ನು ಪಟ್ಟಾ ಎಂದೇ ಕರೆದು, ಪಟ್ಟಾ ಎಂದೇ ತಂದು ಹಾಕಿದ್ದ. ಅದು ನಮ್ಮಂಥ ಜೈನರ ಮನೆಯೊಳಗೆ ಬಂತೆಂಬುದು ಅವನಿಗೆ ಹೊಳೆದಿರಲೇ ಇಲ್ಲ. "ಚರ್ಮದ್ದು, ಅವ್ವಾ" ಎಂದ.

ಆಯಿ ಕೈ ಹಿಂದಕ್ಕೆಳೆದುಕೊಂಡಳು. "ಆಕಳ ಕಟ್ಟೂ ಜಾಗಾದಾಗ ಆಕಳ ಚರ್ಮಾ ತಿರಗಸ್ತಿಯೇನೋ?" ಅಷ್ಟೇ ಅಂದದ್ದು, ಅದೂ ಮೆಲ್ಲಗೆ. ಸ್ನಾನ ಮಾಡಿ ಬಂದು, ದಶಲಕ್ಷಣ ಪರ್ವದ ಹತ್ತು ದಿನದ ವ್ರತದಲ್ಲಿ ಆ ಪಟ್ಟಾ ಮನೆಯೊಳಗಿದ್ದರೆ ತಾನು ಬಸದಿಯಲ್ಲೇ ಇರುವೆನೆಂದಳು. ಕಾಕಾ ಪರ್ವದ ತನಕ ಕಾಯಲಿಲ್ಲ. ಅದೇ ಸಂಜೆ ಪಟ್ಟಾ ಕಳಚಿ ಹಿಟ್ಟಿನ ಗಿರಣಿಯವನಿಗೆ ಕೊಟ್ಟು ಬಂದ. ಲೇಥ್ ಮೂಕಾಯಿತು.

ಆಗ ನಮ್ಮ ಕಡೆ ಸಿಗುತ್ತಿದ್ದ ರಬ್ಬರಿನ ಪಟ್ಟಾ ಗಿರಣಿಯ ದೊಡ್ಡ ಗಾಲಿಗಾಗುವಂಥದು. ಅಷ್ಟು ದಪ್ಪದ್ದು ಲೇಥಿನ ಸಣ್ಣ ಗಾಲಿಗೆ ಬಗ್ಗುತ್ತಿರಲಿಲ್ಲ. ಕಾಕಾ ಗಾಡಿಗೆ ಹೊದಿಸುವ ತಾಡಪತ್ರಿಯ ದಪ್ಪ ಬಟ್ಟೆ ಮಡಚಿ ಹೊಲಿದ. ಅದು ಜಾರಿ ಹೊಗೆಯೆದ್ದಿತು. ಯಾರೋ ಜೇನುಮೇಣ ಹಚ್ಚು ಎಂದರು. "ಜೇನು ತಿನ್ನದವರು ಮೇಣಾ ಹಚ್ಚೂದೇನ?" ಎಂದು ಆಯಿ ಒಳಗಿನಿಂದಲೇ ಕೇಳಿದಳು. ಎರಡನೇ ಪಟ್ಟಾ ಹಿಗ್ಗಿ ಜೋತುಬಿತ್ತು, ಮೂರನೆಯದು ಹರಿದು ಕಾಕಾನ ಕಿವಿಗೇ ಬಡಿಯಿತು. ಒಂದು ಮಧ್ಯಾಹ್ನ ಅವನು ಅಪ್ಪನೆದುರು ಕೂತು, "ಅಣ್ಣಾ, ಇದನ್ನ ಮಾರಿಬಿಡೂನು. ನಾ ಕೊಲ್ಲಾಪುರಕ್ಕ ಹೊಳ್ಳಿ ಹೋಗತೀನಿ" ಎಂದ. ಬಾಗಿಲ ಮರೆಯಲ್ಲಿದ್ದ ಆಯಿಗೂ ಕೇಳಿಸಿತೆಂದು ಅವಳ ಮುಖ ನೋಡಿಯೇ ತಿಳಿಯಿತು. ವ್ರತ ಬಿಡುವವಳಲ್ಲ, ಮಗನನ್ನೂ ಬಿಡಲಾರಳು.

ಆಯಿ ಬಂದು ಹರಿದ ಪಟ್ಟಾ ಎತ್ತಿಕೊಂಡಳು. ತಿರುಗಿಸಿ ನೋಡಿದಳು. "ಇದೇನ ಹೊಲಿಗಿ ಮಾರಾಯಾ, ಕೋಳಿ ಕೆದರಿಧಂಗ ಐತಿ. ಏ ತಂಗಿ, ಕೌದಿ ಸೂಜಿ ತಗೊಂಬಾ" ಎಂದು ನನ್ನನ್ನು ಕೂಗಿದಳು.

ಊರ ಅರ್ಧ ಮನೆಗಳಲ್ಲಿ ಆಯಿ ಹೊಲಿದ ಕೌದಿಗಳಿದ್ದವು; ಹೊದ್ದವರು ಸವೆದರೂ ಹೊಲಿಗೆ ಸವೆಯುವುದಿಲ್ಲ ಎಂದು ಜನ ನಗೆಯಾಡುತ್ತಿದ್ದರು. ಹೊಸ ತಾಡಪತ್ರಿಯನ್ನು ನಾಲ್ಕು ಪದರ ಮಾಡಿ, ದಾರ ಬಿಗಿದೆಳೆದು, ಸಾಲಿಗೆ ಸಾಲು ಹೊಲಿಯುತ್ತ ಹೋದಳು. ನಾನು ದಾರ ಪೋಣಿಸಿ ಪೋಣಿಸಿ ಕೊಟ್ಟೆ, ಕಾಕಾ ಬಟ್ಟೆಯ ತುದಿ ಜಗ್ಗಿ ಹಿಡಿದ. ಓಡುವಾಗ ಹಿಗ್ಗಬಾರದೆಂದು ಭಾರದ ಕಲ್ಲು ಕಟ್ಟಿ ತೊಲೆಗೆ ತೂಗುಹಾಕಿದರು. ಆಮೇಲೆ ಅಗಸೆ ಎಣ್ಣೆ ಕುಡಿಸಿ ಮಾಳಿಗೆಯ ಮೇಲೆ ಒಣಹಾಕಿದರು. ಶ್ರಾವಣದ ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಹನಿ ಬಿದ್ದ ಕೂಡಲೇ ಮನೆ ಮಂದಿಯೆಲ್ಲ ಹಪ್ಪಳಕ್ಕೆ ಓಡುವಂತೆ ಏಣಿ ಹತ್ತಿ ಓಡುತ್ತಿದ್ದೆವು.

ಮೊದಲ ಸಲ ಹಾಕಿದಾಗ ಪಟ್ಟಾ ಗಟ್ಟಿಯಾಗಿ ಹಿಡಿಯಿತು, ಆದರೆ ತುದಿಗಳು ಕೂಡುವಲ್ಲಿ ದಪ್ಪವಾಗಿ ಪ್ರತಿ ಸುತ್ತಿಗೂ ಟಕ್ ಟಕ್ ಎನ್ನುತ್ತಿತ್ತು. ಆ ಒಂದೊಂದು ಟಕ್ಕಿಗೂ ಕಬ್ಬಿಣದ ಮೇಲೆ ಒಂದೊಂದು ಗೆರೆ. ಕಾಕಾ ಪರವಾಗಿಲ್ಲ ಎಂದ. ಆಯಿ ಒಪ್ಪಲಿಲ್ಲ. ಬಿಚ್ಚಿದಳು, ಪದರಗಳನ್ನು ಮೆಟ್ಟಿಲ ಹಾಗೆ ಕತ್ತರಿಸಿ ಒಂದರೊಳಗೊಂದು ಕೂರಿಸಿ ಮತ್ತೆ ಹೊಲಿದಳು. ಎಂಜಿನ್ ಚಾಲೂ ಆಯಿತು. ಪಟ್ಟಾ ಸರ್ರನೆ ಓಡಿತು, ಟಕ್ಕೆನ್ನಲಿಲ್ಲ. ಗಾಣದ ದಿಂಡಿನಿಂದ ಉದ್ದನೆಯ ಸುರುಳಿ ಹೊಳೆಯುತ್ತ ಕಳಚಿ ಬಂತು, ಎಲ್ಲೂ ತುಂಡಾಗದೆ. ನಾನು ಕುಣಿದು ಕುಣಿದು ಸೀಮೆಎಣ್ಣೆಯ ಡಬ್ಬಿ ಉರುಳಿಸಿದೆ, ಯಾರೂ ಬೈಯಲಿಲ್ಲ. ಕಾಕಾ ಬಂದು ಆಯಿಯ ಕಾಲು ಹಿಡಿದ. "ಹಿಡೀತು ಅವ್ವಾ" ಎಂದ, ಅಳುತ್ತಿದ್ದ. "ಹಿಡೀದೇನ ಮಾಡ್ತೈತಿ" ಎಂದಳು ಆಯಿ, ಸೂಜಿಯನ್ನು ಸೆರಗಿಗೆ ಚುಚ್ಚಿಕೊಳ್ಳುತ್ತ.

ಆಮೇಲೆ ಪ್ರತಿ ವರ್ಷ ಪರ್ವಕ್ಕೆ ಮುಂಚೆ ಹೊಸ ಪಟ್ಟಾ ಹೊಲಿಯುವುದು ನಮ್ಮ ಮನೆಯ ಒಂದು ಹಬ್ಬವೇ ಆಯಿತು. ಹಾರೂಗೇರಿ, ರಾಯಬಾಗದಿಂದ ಕೆಲಸ ತಂದವರು ಎದ್ದು ಹೋಗುವ ಮುಂಚೆ ಪಟ್ಟಾ ಮುಟ್ಟಿ ನೋಡುತ್ತಿದ್ದರು. ಆಯಿ ಲೇಥಿನೆದುರು ಮಣೆ ಹಾಕಿಕೊಂಡು ಕೂತು, ಬಂದವರಿಗೆಲ್ಲ ತನ್ನ ಮಗ ಊರಲ್ಲೇ ಇದ್ದಾನೆಂದು ಹೇಳುತ್ತಿದ್ದಳು.

ತೊಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಆಯಿಯ ಕಣ್ಣು ಮಂಜಾದವು, ಕೈ ನಡುಗತೊಡಗಿತು. ಪಟ್ಟಾ ಸೊಟ್ಟಗಾಗಿ ಗಾಲಿಯಿಂದ ಹೊರಗೆ ಜಿಗಿಯುತ್ತಿತ್ತು. ಅಷ್ಟೊತ್ತಿಗೆ ತೆಳ್ಳನೆಯ ರಬ್ಬರ್ ಪಟ್ಟಾ ಚಿಕ್ಕೋಡಿಯಲ್ಲೇ ಸಿಗುತ್ತಿತ್ತು. ಕಾಕಾ ತಂದೂ ಇಟ್ಟಿದ್ದ. ಹಾಕಲಿಲ್ಲ. ಅದರ ಬದಲು ಅದೇ ಲೇಥಿನ ಮೇಲೆ ಹೊಸ ಗಾಲಿಗಳನ್ನು ಕಡೆದ, ಅವುಗಳ ಬೆನ್ನು ನಡುವೆ ಒಂಚೂರು ಉಬ್ಬಿರುವ ಹಾಗೆ. ಉಬ್ಬಿದ ಗಾಲಿಯ ಮೇಲೆ ಸೊಟ್ಟ ಪಟ್ಟಾ ಕೂಡ ತಾನಾಗಿ ನಡುವಿಗೆ ಬಂದು ಓಡುತ್ತದೆ. "ಸರೀ ಆತೇನೋ ಭರಮು?" ಎಂದು ಆಯಿ ಮಣೆಯ ಮೇಲಿಂದ ಕೇಳುತ್ತಿದ್ದಳು. "ನೆಟ್ಟಗೈತಿ ಅವ್ವಾ, ಗೆರಿ ಹೊಡಧಂಗ" ಎನ್ನುತ್ತಿದ್ದ ಕಾಕಾ. ನಾನು ದಾರ ಪೋಣಿಸುತ್ತ ತಲೆ ತಗ್ಗಿಸುತ್ತಿದ್ದೆ.

ಆ ಮನೆ ಈಗಿಲ್ಲ. ಪಾಲಾಗಿ, ಕೆಡವಿ, ಅಲ್ಲಿ ಹಾಲಿನ ಡೇರಿಯ ಗೋದಾಮು ಬಂದಿದೆ. ಆದರೆ ನನ್ನ ಪಾಲಿಗೆ ಮನೆ ಮುಗಿದದ್ದು ಅದಕ್ಕೂ ಮೊದಲು, ಆಯಿ ತೀರಿಕೊಂಡ ವರ್ಷ. ಪರ್ವಕ್ಕೆ ಮುಂಚೆ ಹಳೆಯ ಪಟ್ಟಾ ಪಿಸಿದು ಹರಿದು ಹೋಯಿತು. ಕಾಕಾ ರಬ್ಬರ್ ಪಟ್ಟಾ ಹಾಕಿ ಎಂಜಿನ್ ಚಾಲೂ ಮಾಡಿದ. ಲೇಥ್ ಅಷ್ಟು ನುಣುಪಾಗಿ ಯಾವತ್ತೂ ಓಡಿರಲಿಲ್ಲ. ಕಾಕಾ ಒಂದಿಷ್ಟು ಹೊತ್ತು ಅದನ್ನು ಕೇಳುತ್ತ ನಿಂತಿದ್ದು, ಏನನ್ನೂ ಕಡೆಯದೆ ಬಂದ್ ಮಾಡಿದ.