ಮಣ್ಣಾಗುವ ತನಕ ಹೊರಗೆ

ಆಕೆ ತೀರಿಕೊಂಡ ಸುದ್ದಿ ಬಂದದ್ದು ಒಂದು ಸೋಮವಾರ ಸಂಜೆ. ನಾನು ಸಿಡ್ನಿಯ ವೆಸ್ಟ್‌ಮೀಡ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಫೋನ್ ಮಾಡಿದವನು ಆಕೆಯ ದೊಡ್ಡ ಮಗ, ನೈರೋಬಿಯಿಂದ. ಶನಿವಾರ ಹುಟ್ಟೂರಿಗೆ ಒಯ್ದು ಮಣ್ಣು ಮಾಡುತ್ತೇವೆ ಎಂದ. ಅಕ್ಕಿಯನ್ನು ನೀರಲ್ಲೇ ಬಿಟ್ಟು, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಕೆಳಗಿಳಿದೆ. ಮೆಟ್ಟಿಲ ಬುಡದಲ್ಲಿ, ಟಪಾಲು ಡಬ್ಬಿಗಳ ಪಕ್ಕ ಕೂತೆ. ಶನಿವಾರದ ತನಕ ದಿನಾ ಸಂಜೆ ಇಲ್ಲೇ ಎಂದು ಆಗಲೇ ನಿಶ್ಚಯಿಸಿದೆ.

ಯಾಕೆ ಎಂದು ಹೇಳಬೇಕಾದರೆ ಈಸ್ಟ್‌ಲೀಯ ವಠಾರದಿಂದ ಶುರು ಮಾಡಬೇಕು. ಗಂಡನಿಗೆ ನೈರೋಬಿಯ ಗ್ಯಾರೇಜೊಂದರಲ್ಲಿ ಕೆಲಸ ಸಿಕ್ಕಿತ್ತು. ಮಂಗಳೂರಿನಲ್ಲಿ ಮದುವೆ ಮುಗಿಸಿ ನೇರ ಅಲ್ಲಿಗೇ ಹೋದವಳು ನಾನು. ಈಸ್ಟ್‌ಲೀ ಆ ರಾಜಧಾನಿಯ ಪೂರ್ವದ ಬಡಾವಣೆ; ಅಲ್ಲಿ ಕಾಲಿಡಲು ಜಾಗ ಹುಡುಕಬೇಕು. ನಡುವೆ ಅಂಗಳ, ಸುತ್ತ ಕೋಣೆಗಳು, ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಒಂದೇ ನಲ್ಲಿ. ಒಣಗಲು ಹಾಕಿದ ಬಟ್ಟೆಗಳ ಸಂದಿಯಲ್ಲಿ ಆಕಾಶ ಪಟ್ಟಿ ಪಟ್ಟಿಯಾಗಿ ಕಾಣುತ್ತಿತ್ತು. ಗೋಡೆಯಾಚೆಗೆ ಜನರನ್ನು ಒಯ್ಯುವ ವ್ಯಾನುಗಳ ಹಾಡು, ಹೊಲಿಗೆ ಯಂತ್ರಗಳ ಸದ್ದು, ಮಸೀದಿಯ ಬಾಂಗ್, ಚರ್ಚಿನ ಡೋಲು. ಪಕ್ಕದ ಕೋಣೆಯವನ ಗೊರಕೆ ನಿಂತರೆ ನನಗೆ ಎಚ್ಚರವಾಗುತ್ತಿತ್ತು.

ಆಕೆ ಅದೇ ವಠಾರದವಳು, ಗೇಟಿನ ಬಳಿ ಸೊಪ್ಪು, ಟೊಮೆಟೊ ಮಾರುತ್ತಿದ್ದಳು. ಎಲ್ಲರೂ ಮಾಮಾ ಮ್ಬೊಗಾ ಎನ್ನುತ್ತಿದ್ದರು, ತರಕಾರಿ ಅಮ್ಮ ಎಂದು. ಮೊದಲ ದಿನ ನಾನು ನಲ್ಲಿಗೆ ಹೋಗುವಾಗ ಕೋಣೆಗೆ ಬೀಗ ಹಾಕಿದೆ. ಆಕೆ ಕೂತಲ್ಲಿಂದಲೇ ಏನೋ ಅಂದಳು, ಅಂಗಳವೆಲ್ಲ ನಕ್ಕಿತು. ಸ್ವಾಹಿಲಿ ಕಲಿತ ಮೇಲೆ ಅರ್ಥ ಕೇಳಿ ತಿಳಿದುಕೊಂಡೆ: "ಇಂಡಿಯಾದ ಹುಡುಗಿ, ಬೀಗ ಜೋಪಾನ. ನಿನ್ನ ಮನೆಯಲ್ಲಿ ಕದಿಯುವಂಥದ್ದು ಅದೊಂದೇ."

ದೇವತೆಯೇನಲ್ಲ ಆಕೆ. ಚರಂಡಿಗೆ ಅನ್ನದ ಗಂಜಿ ಚೆಲ್ಲಿದೆನೆಂದು ಒಮ್ಮೆ ಜಗಳಕ್ಕೆ ನಿಂತು, ಎಷ್ಟೋ ದಿನ ಮುಖ ತಿರುಗಿಸಿಕೊಂಡೇ ನನಗೆ ಸೊಪ್ಪು ಕೊಟ್ಟಳು. ಸೊಪ್ಪು ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನಾನು ತುಂಬು ಬಸುರಿಯಾಗಿದ್ದಾಗ ಮಂಗಳೂರಿನಿಂದ ಟೆಲಿಗ್ರಾಂ ಬಂತು. ಅಪ್ಪ ಹೋಗಿದ್ದರು. ಹೊರಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಆ ವಠಾರದಲ್ಲಿ ಒಂದು ರೂಢಿ ಇತ್ತು: ಸತ್ತವರು ಮಣ್ಣಾಗುವ ತನಕ ಆ ಮನೆಯ ಬಾಗಿಲು ಹಾಕುವಂತಿಲ್ಲ, ಸಂಜೆ ನೆರೆಕರೆಯವರೆಲ್ಲ ಬಾಗಿಲ ಹೊರಗೆ ಕೂರಬೇಕು. ಆಕೆ ತನ್ನ ಇದ್ದಿಲ ಒಲೆಯನ್ನು ನನ್ನ ಬಾಗಿಲಿಗೆ ತಂದಿಟ್ಟಳು.

"ಅಪ್ಪನನ್ನು ಸುಟ್ಟಾಗಿದೆ," ಎಂದೆ.

"ನಿಮ್ಮವರಿಗೆ ಎಲ್ಲ ಮುಗಿಯುವುದು ಯಾವಾಗ?"

"ಹದಿಮೂರನೆಯ ದಿನ."

"ಹಾಗಾದರೆ ಅಲ್ಲಿಯ ತನಕ."

ಕೂತರು. ವ್ಯಾನಿನ ಕಂಡಕ್ಟರ್, ದರ್ಜಿ, ನಲ್ಲಿಯಲ್ಲಿ ನನ್ನೊಡನೆ ಕಿತ್ತಾಡಿದ ಹೆಂಗಸರು. ಸಮಾಧಾನದ ಮಾತು ಯಾರೂ ಆಡಲಿಲ್ಲ. "ನಿನ್ನಪ್ಪನಿಗೆ ಸಿಟ್ಟು ಬರುತ್ತಿತ್ತಾ? ಹಲ್ಲೆಲ್ಲ ಇದ್ದವಾ? ಕುಡಿಯುತ್ತಿದ್ದನಾ, ಅಥವಾ ನಿನ್ನ ಗಂಡನ ಹಾಗೆ ಬರೀ ಚಹಾವೇ?" ಎಂದು ಆಕೆ ಕೇಳುತ್ತಾ ಹೋದಳು. ನಾನು ಹೇಳುತ್ತಾ ಹೋದೆ. ತಾವು ಒಮ್ಮೆಯೂ ನೋಡದ ಒಬ್ಬ ಮನುಷ್ಯನಿಗಾಗಿ ಅವರು ಹದಿಮೂರನೆಯ ದಿನದವರೆಗೂ ಹೊರಗೆ ಕೂತರು. ಅದಾಗಿ ಸ್ವಲ್ಪ ದಿನಕ್ಕೆ ಮಗಳು ಹುಟ್ಟಿದಳು. ಅವಳಿಗೆ ಮೊದಲ ನೀರು ಹಾಕಿದ್ದೂ ಆಕೆಯೇ.

ಇನ್ನು ಸಿಡ್ನಿಗೆ ಬರುತ್ತೇನೆ. ಮಗಳು ತೀರಾ ಚಿಕ್ಕವಳಿದ್ದಾಗಲೇ ನಾವು ನೈರೋಬಿ ಬಿಟ್ಟಿದ್ದೆವು. ನಾನು ವೃದ್ಧಾಶ್ರಮವೊಂದರ ಲಾಂಡ್ರಿಯಲ್ಲಿ ಕೆಲಸಕ್ಕಿದ್ದೆ. ಮಂಗಳವಾರ ಸೂಪರ್‌ವೈಸರಳಲ್ಲಿ ಶನಿವಾರದ ರಜೆ ಕೇಳಿದೆ. ತೀರಿಕೊಂಡದ್ದು ಅಕ್ಕನೋ, ಚಿಕ್ಕಮ್ಮನೋ ಎಂದಳು. ಅಲ್ಲ, ನೆರೆಯವಳು ಎಂದೆ. ಸಾವಿನ ರಜೆ ಕುಟುಂಬಕ್ಕೆ ಮಾತ್ರ ಎಂದು ಮೆತ್ತಗೆ ಹೇಳಿದಳು. ಶನಿವಾರ ನಾನು ಬರುವುದಿಲ್ಲ, ಆ ದಿನದ ಸಂಬಳ ಹಿಡಿದುಕೊಳ್ಳಿ ಎಂದೆ.

"ಆಂಟಿ ಅಂತ ಹೇಳಿದ್ರೆ ಆಗ್ತಿತ್ತಲ್ಲ ಮಾರಾಯ್ತಿ," ಎಂದರು ಗಂಡ. "ಈ ಊರಲ್ಲಿ ಎಲ್ಲರೂ ಆಂಟಿಯೇ."

"ಸುಳ್ಳು ಎಂತಕ್ಕೆ? ನೆರೆಯವಳು ಅಂದ್ರೆ ಕಮ್ಮಿಯಾ?"

"ಕಮ್ಮಿ ಅಂತ ನಾನು ಹೇಳಿದ್ನಾ? ಒಳಗೆ ಕೂತ್ರೂ ದುಃಖ ಬರ್ತದೆ ಅಂತ ಹೇಳಿದ್ದು. ಕೆಳಗೆ ಎಂತ ಚಳಿ ಉಂಟು, ಗೊತ್ತುಂಟಲ್ಲ?"

ನಾನು ಶಾಲು ಹೊದ್ದು ಇಳಿದೆ.

ಜನ ಟಪಾಲು ತೆಗೆಯಲು ಬರುವರು, ನನ್ನನ್ನು ನೋಡಿ ಕೀ ಮರೆತವಳೆಂದು ತಿಳಿಯುವರು. ಬುಧವಾರ, ಮೇಲಿನ ಮನೆಯ ಬೆಂಗಳೂರಿನ ಹುಡುಗಿ ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಯಿಂದ ಸಾಮಾನು ಹೊತ್ತು ಬಂದವಳು ನಿಂತಳು.

"ಆಂಟಿ, ಲಾಕ್ ಔಟ್ ಆಗಿದೀರಾ?"

ಯಾಕೆ ಕೂತಿದ್ದೇನೆಂದು ಹೇಳಿದೆ.

"ಅವ್ರು ನಿಮ್ಗೆ ಏನಾಗ್ಬೇಕು?"

"ನೆರೆಕರೆ."

"ಅಷ್ಟೇನಾ?"

"ಅಷ್ಟೇ."

ಅವಳು ಚೀಲ ಕೆಳಗಿಟ್ಟಳು. "ಬೇಜಾರ್ ಮಾಡ್ಕೋಬೇಡಿ ಆಂಟಿ. ಬಿಲ್ಡಿಂಗ್ ಮ್ಯಾನೇಜರ್‌ಗೆ ಯಾರೋ ಕಂಪ್ಲೇಂಟ್ ಮಾಡಿದಾರಂತೆ. ಅದನ್ನ ಹೇಳೋಣ ಅಂತ." ಆಮೇಲೆ ಮೆಟ್ಟಿಲ ಮೇಲೆ ಕೂತು ಚಕ್ಕುಲಿ ಪೊಟ್ಟಣ ಒಡೆದಳು. "ನನ್ ಎದುರು ಮನೇಲಿ ಇರೋದು ಗಂಡಸೋ ಹೆಂಗಸೋ ಅದೂ ನಂಗೊತ್ತಿಲ್ಲ," ಎಂದಳು.

ಮರುದಿನ ಮ್ಯಾನೇಜರ್ ಬಂದ, ಅವನೂ ಇದೇ ಕಟ್ಟಡದಲ್ಲಿರುವವನು. ಒಳ್ಳೆಯ ಮನುಷ್ಯ, ದನಿ ಏರಿಸಲಿಲ್ಲ. ಇದು ಎಲ್ಲರೂ ಓಡಾಡುವ ಜಾಗ, ಇಲ್ಲಿ ಕುರ್ಚಿ ಇಡುವಂತಿಲ್ಲ ಎಂದ. ಎಲ್ಲರೂ ಓಡಾಡುವ ಜಾಗವೆಂದೇ ಇಲ್ಲಿ ಕೂತಿದ್ದೇನೆ ಎಂದೆ. ಮೆಟ್ಟಿಲಿಗೆ ಅಡ್ಡವಾಗದಂತೆ ಕುರ್ಚಿ ಸರಿಸಿದೆ. ಎತ್ತಲಿಲ್ಲ. ನಿಮ್ಮ ಬಾಡಿಗೆ ಏಜೆಂಟ್‌ಗೆ ತಿಳಿಸಬೇಕಾಗುತ್ತದೆ ಎಂದ. ತಿಳಿಸಿ ಎಂದೆ. ಆ ಫ್ಲ್ಯಾಟ್ ಸಿಗಲು ನಾವು ಎಷ್ಟು ಅಲೆದಿದ್ದೆವೆಂದು ನನಗೆ ಗೊತ್ತು. ಆದರೆ ನನ್ನಪ್ಪನಿಗಾಗಿ ಕೂತವಳು ಸತ್ತಾಗ ಬಾಗಿಲು ಹಾಕಿಕೊಂಡು ಟಿವಿ ನೋಡಿದ ಮೇಲೆ, ಆ ಫ್ಲ್ಯಾಟಿನಲ್ಲಿ ನಾನು ಇದ್ದೂ ಏನು?

ಶನಿವಾರ ಸಂಜೆ ಹ್ಯಾರಿಸ್ ಪಾರ್ಕಿನ ಅಂಗಡಿಯಿಂದ ಫೋನ್ ಕಾರ್ಡ್ ತಂದು ಮೆಟ್ಟಿಲ ಬುಡದಿಂದಲೇ ಕರೆ ಮಾಡಿದೆ. ಅಲ್ಲಿ ನಡುಮಧ್ಯಾಹ್ನ. ಆಕೆಯ ಮಗ ಫೋನನ್ನು ಹೊಂಡದ ಕಡೆಗೆ ಹಿಡಿದನೆಂದು ತೋರುತ್ತದೆ. ಹೆಂಗಸರ ಹಾಡು ಕೇಳಿಸಿತು, ನಡುನಡುವೆ ಗುದ್ದಲಿಯ ಸದ್ದು. ಹಾಡು ಮುಗಿಯುವ ಮೊದಲೇ ಕಾರ್ಡ್ ಮುಗಿಯಿತು. ಆಗ ಅತ್ತೆ. ಅಲ್ಲಿಯ ತನಕ ಅತ್ತಿರಲಿಲ್ಲ.

ಅಷ್ಟರಲ್ಲಿ ಮೆಲ್ಬರ್ನ್‌ನಲ್ಲಿ ಓದುತ್ತಿದ್ದ ಮಗಳ ಫೋನು. ಅವಳು ನನ್ನೊಡನೆ ಯಾವಾಗಲೂ ಇಂಗ್ಲಿಷೇ.

"ಅಮ್ಮಾ, ಅಪ್ಪ ಹೇಳಿದ್ರು. ನಾನೂ ಹೊರಗೆ ಕೂತಿದೀನಿ," ಎಂದಳು, ಕನ್ನಡದಲ್ಲಿ. "ನನ್ ಫ್ಲ್ಯಾಟ್ ಮುಂದೆ. ಫ್ರೀಜಿಂಗ್. ಜನ ಕೇಳಿದ್ರೆ ಏನು ಹೇಳ್ಲಿ?"

"ನೆರೆಯವಳು ಅಂತ ಹೇಳು."

"ಐ ಡೋಂಟ್ ಈವನ್ ರಿಮೆಂಬರ್ ಹರ್."

"ಅವಳಿಗೂ ನಿನ್ನ ಅಜ್ಜನ ನೆನಪಿರಲಿಲ್ಲ. ಅವಳು ನೋಡೇ ಇರಲಿಲ್ಲ."

ಫೋನಿಟ್ಟೆ. ಗಂಡ ಕೆಳಗಿಳಿದು ಬಂದು ಕುರ್ಚಿ ಎತ್ತಿಕೊಂಡರು. ಗೇಟಿನಿಂದ ಮ್ಯಾನೇಜರ್ ಬರುತ್ತಿದ್ದ. ಕುರ್ಚಿ ಮಹಡಿಗೆ ಹೋಗುವುದನ್ನು ಕಂಡು ಅವನಿಗೆ ಸಮಾಧಾನವಾಯಿತು.

"ಮುಗಿಯಿತೇ? ಇನ್ನು ಇಲ್ಲಿ ಕೂರುವುದಿಲ್ಲ ತಾನೇ?"

"ಯಾರೂ ಸಾಯದಿದ್ದರೆ ಇಲ್ಲ," ಎಂದೆ. ಬಳಿಕ ಅವನ ಮನೆ ಎಷ್ಟನೆಯ ನಂಬರೆಂದು ಕೇಳಿ ತಿಳಿದುಕೊಂಡೆ.